ಹೆಗಲ ಮುಂಭಾಗದ ನೋವು: ಬೈಸೆಪ್ಸ್ ರಜ್ಜುವಿನ ಉರಿಯೂತ

ಬೆಳಗಿನ ಐದು ಗಂಟೆಗೆ ಸಾಂತಾಕ್ರೂಜ್ ಪೂರ್ವದಲ್ಲಿ ಲೋಕಲ್ ಗಾಡಿಯ ಸದ್ದಿನೊಡನೆ ಕೇಳಿಬರುವ ಇನ್ನೊಂದು ಸದ್ದು ಶಟರುಗಳದು. ಉಪಾಹಾರಗೃಹದ ಕಬ್ಬಿಣದ ಶಟರನ್ನು ಎತ್ತುವವನು ಮೊದಲು ಬಗ್ಗಿ, ಅಂಗೈಯನ್ನು ಮೇಲ್ಮುಖವಾಗಿಸಿ, ಅದರ ಅಂಚನ್ನು ಹಿಡಿದು ಒಂದೇ ಎಳೆತಕ್ಕೆ ಎದೆಯ ಮಟ್ಟಕ್ಕೆ ತರುತ್ತಾನೆ. ಬಳಿಕ ಕೈಯನ್ನು ತಿರುಗಿಸಿ ತಲೆಯ ಮೇಲಕ್ಕೆ ನೂಕುತ್ತಾನೆ. ಎರಡು ಕ್ಷಣದ ಕೆಲಸ. ಆದರೆ ಮನುಷ್ಯನ ಹೆಗಲಿನ ಮುಂಭಾಗದಲ್ಲಿ ಹಾದುಹೋಗುವ ಒಂದು ತೆಳುವಾದ ರಜ್ಜುವಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಬೇರೆಯಾರೂ ಒಡ್ಡಲಾರರು. ಎತ್ತುವುದು, ಮಡಿಸುವುದು, ತಿರುಗಿಸುವುದು, ತಲೆಯ ಮೇಲಕ್ಕೆ ಒಯ್ಯುವುದು ಈ ನಾಲ್ಕೂ ಅದರಲ್ಲಿ ಒಮ್ಮೆಗೇ ನಡೆದುಹೋಗುತ್ತವೆ.

ಹಲವು ವರ್ಷ ಹೀಗೆ ಶಟರ್ ಎತ್ತಿ, ಅನಂತರ ದಿನವಿಡೀ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುವ ಒಬ್ಬ ಕಾರ್ಮಿಕನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತೈದರ ಆಸುಪಾಸು. ಮೊದಮೊದಲು ರಾತ್ರಿ ಬಲಮಗ್ಗುಲಾಗಿ ಮಲಗಿದಾಗ ಮಾತ್ರ ಹೆಗಲಲ್ಲಿ ಒಂದು ಬಗೆಯ ಸೆಳೆತ. ಕೆಲವು ವಾರಗಳ ಮೇಲೆ ಅಂಗಿ ತೊಡುವಾಗ, ಕೊನೆಗೆ ಹಿಟ್ಟಿನ ಪಾತ್ರೆಯನ್ನು ಎತ್ತುವಾಗಲೂ ನೋವು. ಜತೆಯವರು "ಅಣ್ಣಾ, ಉಳುಕಿರಬೇಕು" ಎನ್ನುತ್ತಾರೆ. ಮುಲಾಮು ಬರುತ್ತದೆ, ಊರಿನಿಂದ ತಂದ ಎಣ್ಣೆ ಬರುತ್ತದೆ, ಯಾರೋ ಹೇಳಿದ ಹಾಡವೈದ್ಯನ ಬಳಿ ತೋಳನ್ನು ಎಳೆಸಿಕೊಂಡದ್ದೂ ಆಗುತ್ತದೆ. ಯಜಮಾನರಿಗೆ ಮಾತ್ರ ಆತ ಹೇಳುವುದಿಲ್ಲ. ಕಾವಲಿಯ ಕೆಲಸಕ್ಕೆ ಇನ್ನೊಬ್ಬನು ಬಂದು ನಿಂತರೆ ಆ ಸ್ಥಳ ಮರಳಿ ದೊರೆಯುವುದೋ ಇಲ್ಲವೋ ಎಂಬ ಅಂಜಿಕೆ. ತಿಂಗಳ ಮೊದಲ ವಾರ ಊರಿಗೆ ಹಣ ಹೋಗಲೇಬೇಕು. ಹೀಗೆ ಆರು ವಾರದಲ್ಲಿ ಗುಣವಾಗಬಹುದಾಗಿದ್ದ ತೊಂದರೆ ಆರು ತಿಂಗಳ ವ್ಯಾಧಿಯಾಗಿ ಬೆಳೆಯುತ್ತದೆ.

ಈ ನೋವಿಗೆ ವೈದ್ಯರು ಬೈಸೆಪ್ಸ್ ಟೆಂಡಿನೈಟಿಸ್, ಎಂದರೆ ರಟ್ಟೆಯ ದ್ವಿಶಿರ ಸ್ನಾಯುವಿನ ರಜ್ಜುವಿನ ಉರಿಯೂತ, ಎಂದು ಹೆಸರಿಟ್ಟಿದ್ದಾರೆ. ಇದು ಪ್ರಾಣಾಂತಿಕವಾದುದಲ್ಲ. ಆದರೆ ಬಲಗೈಯನ್ನೇ ಬಂಡವಾಳವಾಗಿರಿಸಿಕೊಂಡು ಈ ಮಹಾನಗರಕ್ಕೆ ಬಂದವನ ಮಟ್ಟಿಗೆ ಇದನ್ನು ಸಣ್ಣ ರೋಗವೆನ್ನಲೂ ಆಗದು.

ರಾಟೆ ಮತ್ತು ಹಗ್ಗ

ತೋಳಿನ ಮುಂಭಾಗದಲ್ಲಿ, ಕೈ ಮಡಿಸಿದಾಗ ಉಬ್ಬಿ ಕಾಣುವ ಸ್ನಾಯುವೇ ಬೈಸೆಪ್ಸ್. ಮೇಲ್ತುದಿಯಲ್ಲಿ ಅದಕ್ಕೆ ಎರಡು ಶಿರಗಳಿರುವುದರಿಂದ ದ್ವಿಶಿರ ಎಂಬ ಹೆಸರು. ಮೋಟು ಶಿರವು ಹೆಗಲ ಮೂಳೆಯ ಮುಂಭಾಗದ ಕೊಕ್ಕಿನಂತಹ ಚಾಚಿಗೆ ಅಂಟಿಕೊಂಡಿದೆ. ಅದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉದ್ದ ಶಿರದ ಹಾದಿ ಮಾತ್ರ ಬಹು ಇಕ್ಕಟ್ಟಿನದು. ಅದು ಹೆಗಲ ಕೀಲಿನ ಒಳಗೆ, ಬಟ್ಟಲಿನ ಮೇಲಂಚಿನಲ್ಲಿ ಹುಟ್ಟಿ, ತೋಳಿನ ಮೂಳೆಯ ಗುಂಡಾದ ತಲೆಯ ಮೇಲೆ ಬಾಗಿ, ಮೂಳೆಯಲ್ಲಿರುವ ಒಂದು ಕಿರಿದಾದ ತೋಡಿನಲ್ಲಿ ಇಳಿದು ಕೆಳಗೆ ಬರುತ್ತದೆ. ಊರ ಬಾವಿಯ ರಾಟೆಯನ್ನು ಕಂಡವರಿಗೆ ಈ ರಚನೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಗ್ಗ ಸವೆಯುವುದು ಕೊಡ ಕಟ್ಟಿದ ತುದಿಯಲ್ಲಲ್ಲ, ರಾಟೆಯ ಮೇಲೆ ಹಾಯುವ ಜಾಗದಲ್ಲಿ. ಇಲ್ಲಿಯೂ ಹಾಗೆಯೇ.

ಬೈಸೆಪ್ಸ್‌ನ ಕೆಲಸ ಮೊಣಕೈಯನ್ನು ಮಡಿಸುವುದೆಂದೇ ಅನೇಕರ ತಿಳಿವಳಿಕೆ. ಅದು ಅರ್ಧ ಸತ್ಯ. ಅಂಗೈಯನ್ನು ಮೇಲ್ಮುಖವಾಗಿ ಬಲದಿಂದ ತಿರುಗಿಸುವುದು, ಬೀಗದ ಕೀಲಿಯನ್ನು ತಿರುವುವುದು, ಸ್ಕ್ರೂ ಬಿಗಿಯುವುದು, ಬಿಗಿಯಾದ ಮುಚ್ಚಳವನ್ನು ತೆಗೆಯುವುದು ಇವೆಲ್ಲ ಬಹುಮಟ್ಟಿಗೆ ಇದೇ ಸ್ನಾಯುವಿನ ಹೊಣೆ. ತುಂಬಿದ ಪಾತ್ರೆಯನ್ನು ಅಂಗೈ ಮೇಲಾಗಿ ಹಿಡಿದು ಎತ್ತುವವನು ಆ ಒಂದೇ ರಜ್ಜುವಿನಿಂದ ದಿನಕ್ಕೆ ಎಷ್ಟು ಸಾರಿ ದುಡಿಸಿಕೊಳ್ಳುತ್ತಾನೆ ಎಂಬುದನ್ನು ಅವನೂ ಎಣಿಸಿರಲಾರ.

ಹೊಸದಾಗಿ ಬಂದ ನೋವಿನಲ್ಲಿ ರಜ್ಜುವೂ ಅದರ ಹೊದಿಕೆಯೂ ಬಾತು ಕೆಂಪಾಗಿರುತ್ತವೆ. ಇದು ನಿಜವಾದ ಉರಿಯೂತ. ತಿಂಗಳುಗಟ್ಟಲೆ ಹಳೆಯದಾದ ನೋವಿನ ಕಥೆ ಬೇರೆ. ಅಲ್ಲಿ ಉರಿಯೂತ ಅತ್ಯಲ್ಪ. ರಜ್ಜುವಿನ ಎಳೆಗಳೇ ತಮ್ಮ ಕ್ರಮ ತಪ್ಪಿ, ಸವೆದು, ದಪ್ಪಗಾಗಿರುತ್ತವೆ. ಈ ಭೇದವು ಕೇವಲ ಪಾಂಡಿತ್ಯದ ವಿಷಯವಲ್ಲ. ಮೊದಲನೆಯದಕ್ಕೆ ಉರಿಯೂತ ಇಳಿಸುವ ಗುಳಿಗೆಯಿಂದ ಉಪಯೋಗವುಂಟು. ಎರಡನೆಯದು ಗುಳಿಗೆಗೆ ಬಗ್ಗುವುದಿಲ್ಲ. ಅದಕ್ಕೆ ಕ್ರಮವಾದ ವ್ಯಾಯಾಮವೇ ಬೇಕು.

ನಗರದ ಕೈ

ಹೋಟೇಲು ಕೆಲಸದವರಿಗೆ ಮಾತ್ರ ಈ ಕಾಯಿಲೆ ಮೀಸಲಲ್ಲ. ಸಾಂತಾಕ್ರೂಜಿನಿಂದ ಚರ್ಚ್‌ಗೇಟಿಗೆ ನಿಧಾನದ ಗಾಡಿಯಲ್ಲಿ ಸುಮಾರು ನಲವತ್ತು ನಿಮಿಷದ ಪ್ರಯಾಣ. ಒಳಗೆ ನುಗ್ಗಿದವನಿಗೆ ತಲೆಯ ಮೇಲಿನ ಹಿಡಿ ದೊರೆತರೆ ಅದೇ ಭಾಗ್ಯ. ಕೈ ಮೇಲೆ, ಹೆಗಲಿಗೆ ಚೀಲ, ಸುತ್ತಲೂ ಜನ. ಗಾಡಿ ನಿಲ್ಲುವಾಗ ದೇಹದ ಭಾರವೆಲ್ಲ ಒಮ್ಮೆಲೆ ಆ ಒಂದು ತೋಳಿನ ಮೇಲೆ ಬೀಳುತ್ತದೆ. ಹೋಗುವಾಗ ಎಷ್ಟು ನಿಲ್ದಾಣಗಳೋ ಬರುವಾಗಲೂ ಅಷ್ಟೇ. ವರ್ಷಕ್ಕೆ ಎಷ್ಟಾಯಿತೆಂದು ಲೆಕ್ಕ ಹಾಕುವುದು ಕಷ್ಟವೇನಲ್ಲ.

ಇನ್ನು ಗೃಹಿಣಿಯರ ಪಾಡು. ನಸುಕಿನಲ್ಲಿ ನಲ್ಲಿ ಬಂದಾಗ ಬಕೆಟು ತುಂಬಿ ಎತ್ತರದ ಡ್ರಮ್ಮಿಗೆ ಸುರಿಯಬೇಕು. ಕಿಟಕಿಯ ಹೊರಗಿನ ಸರಳಿಗೆ ಒದ್ದೆ ಬಟ್ಟೆಗಳನ್ನು ಕೈ ಚಾಚಿ ಹರವಬೇಕು. ಹಬ್ಬ ಬಂದರೆ ಅಟ್ಟದ ಮೇಲಿನ ದೊಡ್ಡ ಪಾತ್ರೆಗಳು ಕೆಳಗಿಳಿಯಬೇಕು. ಪುಟ್ಟ ಮನೆಯಲ್ಲಿ ನೆಲದ ಮೇಲೆ ಜಾಗವಿಲ್ಲವಾದುದರಿಂದ ಸಾಮಾನೆಲ್ಲ ಗೋಡೆಯ ಮೇಲೇರಿದೆ. ಅದರ ದಂಡವನ್ನು ಹೆಗಲು ತೆರುತ್ತಿದೆ. ಊರಿನಲ್ಲಿ ದುಡಿತ ಕಡಿಮೆಯಿತ್ತೆಂದಲ್ಲ. ಅಲ್ಲಿ ನೀರು ಸೇದುವುದು, ಅಗೆಯುವುದು, ಹೊರುವುದು ಎಂದು ದಿನಕ್ಕೆ ಹತ್ತು ಬಗೆಯ ಚಲನೆ. ಇಲ್ಲಿಯದು ಒಂದೇ ಚಲನೆ, ಒಂದೇ ಕೈ.

ನಲವತ್ತು ದಾಟಿದವರಲ್ಲಿ ಇದು ಅಪರೂಪವಾಗಿ ಮಾತ್ರ ಒಂಟಿಯಾಗಿ ಬರುತ್ತದೆ. ಹೆಗಲ ಕೀಲನ್ನು ಸುತ್ತುವರಿದು ಹಿಡಿದಿರುವ ನಾಲ್ಕು ಸ್ನಾಯುಗಳ ರಜ್ಜುಪಟ್ಟಿಗೆ ರೊಟೇಟರ್ ಕಫ್ ಎಂದು ಹೆಸರು. ಆ ಪಟ್ಟಿ ಸವೆದಾಗ ಅಥವಾ ಹೆಗಲ ಮೂಳೆಯ ಚಾವಣಿಯಡಿ ಸಿಲುಕಿ ಉಜ್ಜಿದಾಗ, ಪಕ್ಕದ ಬೈಸೆಪ್ಸ್ ರಜ್ಜುವೂ ನೋಯತೊಡಗುತ್ತದೆ. ಆದುದರಿಂದ ನಿಪುಣ ವೈದ್ಯನು ನೋಯುವ ಒಂದು ಬಿಂದುವನ್ನಷ್ಟೇ ನೋಡದೆ ಇಡೀ ಭುಜವನ್ನು ಪರೀಕ್ಷಿಸುತ್ತಾನೆ.

ಕನ್ನಡಿಗರಿಗೆ ಈ ನೆರೆಯ ಪಟ್ಟಿಯ ಪರಿಚಯವಾದದ್ದು ಕ್ರಿಕೆಟಿನಿಂದ. ಮೈಸೂರಿನ ಜಾವಗಲ್ ಶ್ರೀನಾಥರು 1997ರಲ್ಲಿ ರೊಟೇಟರ್ ಕಫ್‌ನ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವನ್ನೇ ಕಳೆದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬೆಂಗಳೂರಿನ ಅನಿಲ್ ಕುಂಬ್ಳೆಯವರು 2001ರ ಆರಂಭದಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಆ ವರ್ಷ ಆಸ್ಟ್ರೇಲಿಯದೆದುರಿನ ಪ್ರಸಿದ್ಧ ಸರಣಿಯಲ್ಲಿ ಆಡಲಿಲ್ಲ. ಇವರದು ಬೈಸೆಪ್ಸ್ ರಜ್ಜುವಿನ ಸರಳ ಉರಿಯೂತವಲ್ಲ, ಅದಕ್ಕಿಂತ ತೀವ್ರವಾದ ಸಂಗತಿ. ಆದರೂ ಗಮನಿಸಬೇಕಾದ ಒಂದು ಅಂಶವಿದೆ: ಕುಂಬ್ಳೆಯವರ 619 ಟೆಸ್ಟ್ ವಿಕೆಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬಂದದ್ದು ಆ ಶಸ್ತ್ರಚಿಕಿತ್ಸೆಯ ಅನಂತರ. ಅವರು ಎಷ್ಟೋ ತಿಂಗಳು ಚೆಂಡು ಹಿಡಿಯದೆ ಭುಜವನ್ನು ಪಳಗಿಸಿಕೊಂಡರು. ಕಾವಲಿಯ ಮುಂದಿನವನಿಗೆ ಅಂತಹ ವಿರಾಮವನ್ನು ಕೊಡುವವರು ಯಾರು ಎಂಬುದೇ ಪ್ರಶ್ನೆ.

ನೋವಿನ ಗುರುತು

ನೋವು ಹೆಗಲಿನ ಮುಂಭಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಇರುತ್ತದೆ. ಅಲ್ಲಿಂದ ರಟ್ಟೆಯ ಗುಂಟ ಕೆಳಗಿಳಿಯಬಹುದು. ಭಾರ ಎತ್ತುವಾಗ, ಕೈ ಮೇಲಕ್ಕೆ ಚಾಚುವಾಗ, ಅಂಗೈ ತಿರುಗಿಸುವಾಗ ಹೆಚ್ಚುತ್ತದೆ. ರಾತ್ರಿ ಆ ಮಗ್ಗುಲಾದರೆ ನಿದ್ರೆ ಕೆಡುತ್ತದೆ. ಕೆಲವರಿಗೆ ಕೈ ತಿರುಗಿಸಿದಾಗ ಒಳಗೆ ಟಕ್ ಎಂದು ಏನೋ ಜಾರಿದಂತೆ ಭಾಸವಾಗುವುದುಂಟು.

ವೈದ್ಯನು ಮೊಣಕೈಯನ್ನು ಮಡಿಸಿ ಹಿಡಿದು, ತನ್ನ ಕೈಯ ತಡೆಗೆ ವಿರುದ್ಧವಾಗಿ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವಂತೆ ಹೇಳುತ್ತಾನೆ. ಹೆಗಲ ಮುಂಭಾಗದಲ್ಲಿ ನೋವೆದ್ದರೆ ಅದು ಸೂಚನೆ. ಇದನ್ನು 1931ರಲ್ಲಿ ವಿವರಿಸಿದ ಯೆರ್ಗೆಸನ್ ಎಂಬ ವೈದ್ಯನ ಹೆಸರೇ ಈ ಪರೀಕ್ಷೆಗೆ ನಿಂತಿದೆ. ತೋಳನ್ನು ನೇರವಾಗಿ ಮುಂದೆ ಚಾಚಿಸಿ, ಅಂಗೈ ಮೇಲಾಗಿಸಿ, ಕೆಳಕ್ಕೆ ಒತ್ತಿ ನೋಡುವುದು ಮತ್ತೊಂದು. ಇವು ಯಾವುವೂ ಕೊನೆಯ ತೀರ್ಪಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುವುದೇ ಹೊರತು ರಜ್ಜು ಕಾಣುವುದಿಲ್ಲ. ಸಂದೇಹ ಉಳಿದರೆ ಸೋನೋಗ್ರಫಿ, ಅದಕ್ಕೂ ತಿಳಿಯದಿದ್ದರೆ ಎಂ.ಆರ್.ಐ. ಮೊದಲ ವಾರವೇ ದುಬಾರಿ ಚಿತ್ರಕ್ಕಾಗಿ ಓಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಹೆಗಲು ನೋಯುವ ಎಲ್ಲರದೂ ಇದೇ ಕಾಯಿಲೆಯೆಂದು ಬಗೆಯಬಾರದು. ಇನ್ನೊಬ್ಬರು ಎತ್ತಿದರೂ ತೋಳು ಮೇಲೇಳದೆ ಬಿಗಿದುಕೊಂಡಿದ್ದರೆ ಅದು ಫ್ರೋಜನ್ ಶೋಲ್ಡರ್ ಎಂಬ ಬೇರೆ ಕಾಯಿಲೆ. ಮಧುಮೇಹಿಗಳಲ್ಲಿ ಇದು ಹೆಚ್ಚು. ಸಕ್ಕರೆಯ ಪರೀಕ್ಷೆಯನ್ನೇ ಮಾಡಿಸದ ಅನೇಕರು ಮಧುಮೇಹವನ್ನು ಕಂಡುಕೊಳ್ಳುವುದು ಈ ಹೆಗಲಿನ ಬಾಗಿಲಿನಿಂದ. ಬೆರಳುಗಳಲ್ಲಿ ಜೋಮು, ಕುತ್ತಿಗೆ ತಿರುಗಿಸಿದಾಗ ಕೈಗೆ ಹರಿಯುವ ನೋವು ಇದ್ದರೆ ಮೂಲ ಕುತ್ತಿಗೆಯಲ್ಲಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ರಜ್ಜುವಿನ ನೋವು ಕೈ ಆಡಿಸಿದರೆ ಹೆಚ್ಚುತ್ತದೆ, ಇರಿಸಿದರೆ ತಗ್ಗುತ್ತದೆ. ಕೈ ಆಡಿಸಿದುದಕ್ಕೂ ನೋವಿಗೂ ಸಂಬಂಧವೇ ಕಾಣದೆ, ಮೆಟ್ಟಿಲು ಹತ್ತುವಾಗಲೋ ಗಾಡಿಗಾಗಿ ಓಡುವಾಗಲೋ ಹೆಗಲು, ತೋಳು, ದವಡೆಗಳಲ್ಲಿ ಹಿಂಡುವಂತಹ ನೋವು ಬಂದರೆ, ಅದರಲ್ಲೂ ಎದೆಯ ಭಾರ, ಬೆವರು, ಉಸಿರಿನ ಕಟ್ಟು ಜತೆಗಿದ್ದರೆ, ಅದು ಹೃದಯದ ಕರೆಯಾಗಿರಬಹುದು. ಎಡಗೈಯೇ ಆಗಬೇಕೆಂದಿಲ್ಲ, ಬಲಗೈಯಲ್ಲೂ ಬರುವುದುಂಟು. ಆಗ ಮುಲಾಮು ಹುಡುಕುತ್ತ ಕೂರದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರತಕ್ಕದ್ದು.

ವಿಶ್ರಾಂತಿ ಎಂದರೆ

ಚಿಕಿತ್ಸೆಯ ಮೊದಲ ಶಬ್ದ ವಿಶ್ರಾಂತಿ. ಅತಿ ಹೆಚ್ಚು ತಪ್ಪಾಗಿ ಅರ್ಥವಾಗಿರುವ ಶಬ್ದವೂ ಅದೇ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ವಾರಗಟ್ಟಲೆ ತೂಗುಹಾಕಿಕೊಂಡರೆ ರಜ್ಜುವಿನ ನೋವು ಹೋಗುವ ಮೊದಲು ಕೀಲು ಬಿಗಿದುಕೊಳ್ಳುತ್ತದೆ. ಬಿಡಬೇಕಾದದ್ದು ಮೂರು ಬಗೆಯ ಕೆಲಸವನ್ನು: ಹೆಗಲಿನ ಮಟ್ಟಕ್ಕಿಂತ ಮೇಲೆ ಕೈ ಎತ್ತುವುದು, ಅಂಗೈ ಮೇಲಾಗಿ ಭಾರ ಎತ್ತುವುದು, ಬಲದಿಂದ ತಿರುವುವುದು. ಉಣ್ಣುವುದು, ಬರೆಯುವುದು, ಸ್ನಾನ ಮುಂತಾದ ದಿನನಿತ್ಯದ ಚಲನೆಗಳು ನಡೆಯುತ್ತಿರಲಿ.

ಹೊಸ ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷದಷ್ಟು, ದಿನಕ್ಕೆ ಎರಡು ಮೂರು ಬಾರಿ ಇರಿಸಬಹುದು. ಹಳೆಯ ನೋವಿಗೆ ಕೆಲವರಿಗೆ ಬಿಸಿ ಶಾಖ ಹಿತ. ಎಣ್ಣೆ ಸವರುವುದರಿಂದ ಹಾನಿಯಿಲ್ಲ. ಬಲವಾಗಿ ತಿಕ್ಕಿಸುವುದು, ತೋಳನ್ನು ಜಗ್ಗಿಸುವುದು ಕೂಡದು. ನೋವಿನ ಗುಳಿಗೆಗಳು ಔಷಧದ ಅಂಗಡಿಯಲ್ಲಿ ಸುಲಭವಾಗಿ ದೊರೆಯುವುದೇ ಒಂದು ಅಪಾಯ. ಹೊಟ್ಟೆಹುಣ್ಣು, ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು. ಗುಳಿಗೆ ನುಂಗಿ ನೋವು ಮರೆಸಿ ಮತ್ತೆ ಶಟರ್ ಎತ್ತುವುದಂತೂ ಸಾಲ ತೀರಿಸಲು ಇನ್ನೂ ಹೆಚ್ಚಿನ ಬಡ್ಡಿಗೆ ಸಾಲ ಮಾಡಿದಂತೆ.

ನೋವು ಸ್ವಲ್ಪ ಇಳಿದೊಡನೆ ವ್ಯಾಯಾಮ ಆರಂಭವಾಗಬೇಕು. ಮೊದಲನೆಯದು ಲೋಲಕದ ಚಲನೆ. ನೋವಿಲ್ಲದ ಕೈಯನ್ನು ಮೇಜಿನ ಮೇಲೂರಿ, ಸೊಂಟ ಬಗ್ಗಿಸಿ, ನೋಯುವ ತೋಳನ್ನು ಸಡಿಲವಾಗಿ ತೂಗುಬಿಟ್ಟು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಬಳಿಕ ವೃತ್ತಾಕಾರವಾಗಿ ಹತ್ತು ಹದಿನೈದು ಸಲ ಮೆಲ್ಲನೆ ಆಡಿಸುವುದು. ಎರಡನೆಯದು ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡನಂತೆ ನಡೆಸುತ್ತ ನೋವು ಬರುವ ಮಟ್ಟದವರೆಗೆ ಏರಿಸುವುದು. ಬೆನ್ನು ನೇರವಾಗಿಸಿ ಎರಡೂ ಹೆಗಲ ಮೂಳೆಗಳನ್ನು ಹಿಂದಕ್ಕೆ ಒಂದನ್ನೊಂದು ಸಮೀಪಿಸುವಂತೆ ಸೆಳೆದು ಐದು ಎಣಿಸುವವರೆಗೆ ಹಿಡಿಯುವುದನ್ನು ಕುರ್ಚಿಯಲ್ಲಿ ಕುಳಿತೇ ಮಾಡಬಹುದು. ಮೇಜಿನ ಮುಂದೆ ದಿನವಿಡೀ ಬಾಗಿ ಕೂರುವ ಕಚೇರಿಯವರ ಭುಜಗಳು ಮುಂದಕ್ಕೆ ಕುಸಿದು ರಜ್ಜುವಿನ ಹಾದಿಯನ್ನು ಇನ್ನಷ್ಟು ಇಕ್ಕಟ್ಟಾಗಿಸಿರುತ್ತವೆ. ಅವರಿಗೆ ಇದು ವಿಶೇಷವಾಗಿ ಉಪಯುಕ್ತ.

ಮುಂದಿನ ಹಂತದಲ್ಲಿ ಅರ್ಧ ಕಿಲೋ ತೂಕದ ನೀರಿನ ಸೀಸೆ ಸಾಕು. ಎರಡೂ ಕೈಗಳಿಂದ ಅದನ್ನು ಮೇಲೆತ್ತಿ, ನೋವಿನ ಕೈಯೊಂದರಿಂದ ನಾಲ್ಕೈದು ಎಣಿಸುತ್ತ ನಿಧಾನವಾಗಿ ಇಳಿಸಬೇಕು. ಎತ್ತುವುದಕ್ಕಿಂತ ಇಳಿಸುವುದರಿಂದಲೇ ಹಳೆಯ ರಜ್ಜು ಬಲಗೊಳ್ಳುವುದೆಂಬುದು ಈಗಿನ ವ್ಯಾಯಾಮ ಚಿಕಿತ್ಸಕರ ಅನುಭವ. ವ್ಯಾಯಾಮದ ವೇಳೆ ಅಲ್ಪ ನೋವು ಬಂದರೆ ಗಾಬರಿ ಬೇಡ. ಮರುದಿನ ಬೆಳಗ್ಗೆ ಅದು ಹೆಚ್ಚಿದ್ದರೆ ಪ್ರಮಾಣವನ್ನು ಇಳಿಸಬೇಕು. ಆರರಿಂದ ಹನ್ನೆರಡು ವಾರಗಳಲ್ಲಿ ಬಹುತೇಕರಿಗೆ ಸಾಕಷ್ಟು ಗುಣ ಕಾಣುತ್ತದೆ. ಹಳೆಯ ನೋವಿಗೆ ಇನ್ನೂ ಕೆಲವು ತಿಂಗಳು ಬೇಕಾದೀತು. ಧೂಮಪಾನಿಗಳ ರಜ್ಜು ತಡವಾಗಿ ಕೂಡಿಕೊಳ್ಳುತ್ತದೆ.

ಇಷ್ಟಕ್ಕೂ ಜಗ್ಗದ ನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದುಂಟು. ಅದನ್ನು ರಜ್ಜುವಿನ ಸುತ್ತಲಿನ ಹೊದಿಕೆಯೊಳಗೆ ಕೊಡಬೇಕೇ ಹೊರತು ರಜ್ಜುವಿಗೇ ಚುಚ್ಚಬಾರದು. ಚುಚ್ಚಿದರೆ ಅದು ಹರಿಯುವ ಭಯ. ಸೋನೋಗ್ರಫಿಯ ನೆರವಿನಿಂದ ಕೊಡುವುದು ಇದೇ ಕಾರಣಕ್ಕೆ. ಮಧುಮೇಹಿಗಳಿಗೆ ಮದ್ದಿನ ಅನಂತರ ಕೆಲವು ದಿನ ಸಕ್ಕರೆ ಏರುವುದುಂಟು. ಪರಿಹಾರ ಸಿಕ್ಕಿತೆಂದು ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಸಲ್ಲದು. ಮೂರರಿಂದ ಆರು ತಿಂಗಳ ಪ್ರಯತ್ನವೂ ವಿಫಲವಾದರೆ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಕೆಟ್ಟ ರಜ್ಜುವನ್ನು ಕೀಲಿನ ಮೂಲದಲ್ಲಿ ಕತ್ತರಿಸಿ ಬಿಡುವುದು, ಅಥವಾ ಕತ್ತರಿಸಿ ಕೆಳಗೆ ಮೂಳೆಗೆ ಮರುಜೋಡಿಸುವುದು, ಇವೆರಡೇ ದಾರಿಗಳು.

ಸಾಲದುದಕ್ಕೆ ರಜ್ಜುವೇ ಕೆಲವೊಮ್ಮೆ ಈ ತೀರ್ಮಾನವನ್ನು ಕೈಗೆತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಸವೆದದ್ದು ಭಾರ ಎತ್ತುವಾಗ ಟಪ್ ಎಂದು ಹರಿದು, ರಟ್ಟೆಯ ಮಾಂಸ ಮೊಣಕೈಯ ಕಡೆಗೆ ಉಂಡೆಯಾಗಿ ಇಳಿಯುತ್ತದೆ. ಚಿತ್ರಕಥೆಯ ಪಾಪೈ ನಾವಿಕನ ತೋಳಿನಂತೆ. ವಿಚಿತ್ರವೆಂದರೆ ಆವರೆಗಿದ್ದ ನೋವು ಆಗ ಅನೇಕರಿಗೆ ಶಮನವಾಗುತ್ತದೆ. ವಯಸ್ಸಾದವರು ಶಸ್ತ್ರಚಿಕಿತ್ಸೆಯಿಲ್ಲದೆಯೇ ನಡೆಸಿಕೊಂಡು ಹೋಗಬಲ್ಲರು. ಕೈಯ ಬಲದಿಂದಲೇ ಬದುಕುವ ಕಿರಿಯರು ತಡಮಾಡದೆ ಮೂಳೆವೈದ್ಯರನ್ನು ಕಾಣಬೇಕು.

ಎಲ್ಲಿಗೆ, ಎಷ್ಟು ದಿನ

ಸಾಂತಾಕ್ರೂಜಿನವರಿಗೆ ಪೂರ್ವ ಭಾಗದಲ್ಲೇ ಮಹಾನಗರಪಾಲಿಕೆಯ ವಿ. ಎನ್. ದೇಸಾಯಿ ಆಸ್ಪತ್ರೆಯಿದೆ, ಹತ್ತಿರದಲ್ಲೇ ವಿಲೇಪಾರ್ಲೆಯ ಕೂಪರ್ ಆಸ್ಪತ್ರೆ. ವ್ಯಾಯಾಮ ಚಿಕಿತ್ಸೆಯ ವಿಷಯದಲ್ಲಿ ಮುಂಬಯಿಗೆ ಒಂದು ಹಿರಿಮೆಯೂ ಇದೆ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಯ ಶಾಲೆ 1950ರ ದಶಕದ ಆರಂಭದಲ್ಲೇ ಮೊದಲಾಯಿತು. ಹಾಜಿ ಅಲಿಯ ಅಖಿಲ ಭಾರತ ಭೌತಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ 1955ರಷ್ಟು ಹಳೆಯದು.

ರಜೆಯ ಪ್ರಶ್ನೆ ಚಿಕಿತ್ಸೆಯ ಪ್ರಶ್ನೆಗಿಂತ ಬಿಗಿಯಾದುದು. ಬ್ಯಾಂಕು, ಸರಕಾರಿ ಕಚೇರಿಗಳವರಿಗೆ ವೈದ್ಯಕೀಯ ರಜೆಯುಂಟು. ಹೋಟೇಲು ಕಾರ್ಮಿಕನಿಗೂ ಏನೂ ಇಲ್ಲವೆಂದಲ್ಲ. 1948ರ ಕಾಯಿದೆಯಿಂದ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ ಹೆಸರು ನೋಂದಾಯಿತವಾಗಿದ್ದು ವಂತಿಗೆ ಸಲ್ಲುತ್ತಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ಶೇಕಡಾ 70ರಷ್ಟನ್ನು ವರ್ಷಕ್ಕೆ 91 ದಿನಗಳವರೆಗೆ ಪಡೆಯುವ ಅವಕಾಶವಿದೆ. ಹನ್ನೆರಡು ವಾರವೆಂದರೆ 84 ದಿನ. ಹೆಸರು ನೋಂದಾಯಿಸಿದೆಯೇ ಎಂಬುದನ್ನು ಕೈ ನೋಯುವ ಮೊದಲೇ ಕೇಳಿ ತಿಳಿದಿರಬೇಕು. ಎಲ್ಲರೂ ಮೂರು ತಿಂಗಳು ಮನೆಯಲ್ಲಿ ಕೂರಬೇಕಾಗಿಯೂ ಇಲ್ಲ. ಯಜಮಾನರು ಮನಸ್ಸು ಮಾಡಿ ಆತನನ್ನು ಕೆಲವು ವಾರ ಗಲ್ಲೆಯಲ್ಲೋ ಕೂಪನು ಹರಿಯುವಲ್ಲೋ ಕೂರಿಸಿದರೆ ಕಾವಲಿಗೆ ಮರಳುವ ಕೈ ಉಳಿಯುತ್ತದೆ. ಇಪ್ಪತ್ತು ವರ್ಷ ಪಳಗಿದ ಕೈಗೆ ಬದಲಿ ಹುಡುಕುವುದು ಎಷ್ಟು ಪ್ರಯಾಸವೆಂದು ಹೋಟೇಲು ನಡೆಸುವವರಿಗೆ ಚೆನ್ನಾಗಿ ಗೊತ್ತು.

ಮರಳಿದ ಮೇಲೆ ಕೆಲವು ಪದ್ಧತಿಗಳು ಬದಲಾಗಬೇಕು. ತುಂಬಿದ ಒಂದು ಪಾತ್ರೆಗೆ ಬದಲು ಅರ್ಧ ತುಂಬಿದ ಎರಡು. ಎತ್ತುವಾಗ ಪಾತ್ರೆ ಮೈಗೆ ಹತ್ತಿರ. ಲೋಕಲಿನಲ್ಲಿ ಮೇಲಿನ ಹಿಡಿಗಿಂತ ಎದೆಯ ಮಟ್ಟದಲ್ಲಿ ಹಿಡಿಯಬಹುದಾದ ಕಂಬ ಒಳ್ಳೆಯದು. ಮೇಲಿನದೇ ಗತಿಯಾದರೆ ಮೊಣಕೈ ಕೊಂಚ ಬಾಗಿರಲಿ, ಪ್ರತಿ ಎರಡು ನಿಲ್ದಾಣಕ್ಕೆ ಕೈ ಬದಲಾಗಲಿ. ರಾತ್ರಿ ನೋವಿಲ್ಲದ ಮಗ್ಗುಲಲ್ಲಿ ಮಲಗಿ, ನೋಯುವ ತೋಳಿನ ಕೆಳಗೆ ಒಂದು ದಿಂಬು. ಬಟ್ಟೆಯ ಸರಳನ್ನು ಹಗ್ಗದಿಂದ ಏರಿಸಿ ಇಳಿಸುವಂತೆ ಮಾಡಿಸಲು ಹೆಚ್ಚು ಖರ್ಚೇನೂ ಇಲ್ಲ. ಶಟರಿನ ಇಕ್ಕೆಲದ ತೋಡುಗಳಿಗೆ ಗ್ರೀಸು ಹಾಕಿ, ಸಡಿಲಗೊಂಡ ಸ್ಪ್ರಿಂಗನ್ನು ಬಿಗಿಸಿದರೆ ಅದರ ಭಾರ ಎಷ್ಟೋ ಇಳಿಯುತ್ತದೆ. ಮೊಣಕಾಲು ಬಗ್ಗಿಸಿ ಎರಡೂ ಕೈಗಳಿಂದ ಎದೆಯವರೆಗೆ ಎತ್ತಿ, ಅಲ್ಲಿಂದ ಮೇಲಕ್ಕೆ ಕೊಕ್ಕೆಯ ಕೋಲಿನಿಂದ ನೂಕಬೇಕು. ಆ ಕೋಲು ಬಹುತೇಕ ಅಂಗಡಿಗಳಲ್ಲಿ ಬಾಗಿಲ ಮೂಲೆಯಲ್ಲೇ ನಿಂತಿರುತ್ತದೆ. ಅವಸರದಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.